ಹೆಸರಿನ ಹೊಣೆ

ಮಾತು ಒಂದೇ ಆದ ಮಾತ್ರಕ್ಕೆ ಅರ್ಥವೂ ಒಂದೇ ಎಂದು ನಂಬುವುದು ಮನುಷ್ಯ ಸ್ವಭಾವ. ಈ ನಂಬಿಕೆಯಿಲ್ಲದೆ ಸಂಸಾರ ಸಾಗದು, ಸಂತೆ ಸೇರದು. ಆದರೆ ಈ ನಂಬಿಕೆಯ ದೆಸೆಯಿಂದಲೇ ಒಮ್ಮೊಮ್ಮೆ ಎಲೆಯ ಮುಂದೆ ಕುಳಿತವರಿಗೆ ಅನ್ನ ಸಾಲದೆ ಹೋಗುವುದೂ ಉಂಟು.

ಉಡುಪಿಯ ಸಮೀಪದ ಒಂದು ಮನೆಯಲ್ಲಿ 87 ವರ್ಷದ ಅಜ್ಜಿಯೊಬ್ಬರಿದ್ದಾರೆ. 1955ರಲ್ಲಿ ಮೈಸೂರು ಸೀಮೆಯಿಂದ ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅವರ ಅತ್ತೆ ಒಂದು ದಿನ, ‘ನೆಂಟರು ಬರುತ್ತಾರೆ, ಮೂರು ಸೇರು ಅಕ್ಕಿ ಹಾಕು’ ಎಂದು ಹೇಳಿ ದೇವಸ್ಥಾನಕ್ಕೆ ಹೋದರಂತೆ. ಸೊಸೆ ತವರಿನಿಂದ ತಂದಿದ್ದ ಹಿತ್ತಾಳೆಯ ಸೇರಿನಿಂದ ಮೂರು ಸಲ ಅಳೆದು ಹಾಕಿದಳು. ಪಂಕ್ತಿಯ ಕೊನೆಯಲ್ಲಿದ್ದವರಿಗೆ ಅನ್ನ ಮುಗಿದಿತ್ತು. ಅತ್ತೆಯ ಮಾತಿನಲ್ಲಿ ತಪ್ಪಿರಲಿಲ್ಲ, ಸೊಸೆಯ ಕೈಯಲ್ಲಿಯೂ ತಪ್ಪಿರಲಿಲ್ಲ. ಸೇರು ಬೇರೆಯಾಗಿತ್ತು, ಅಷ್ಟೆ. ಆಗಿನ ಕಾಲಕ್ಕೆ ಸೇರೆಂಬುದು ಕೆಲವೆಡೆ ತೂಕ, ಕೆಲವೆಡೆ ಪಾತ್ರೆಯ ಅಳತೆ. ಊರು ಬದಲಾದರೆ ಅದರ ಪ್ರಮಾಣವೂ ಬದಲಾಗುತ್ತಿತ್ತು. ದೇಶಕ್ಕೆಲ್ಲ ಕಿಲೋಗ್ರಾಮು, ಲೀಟರುಗಳನ್ನು ವಿಧಿಸಿದ ಅಳತೆ ತೂಕಗಳ ಶಾಸನ ಬಂದದ್ದು ಅದರ ಮರುವರ್ಷ, 1956ರಲ್ಲಿ.

ಈ ಅಜ್ಜಿಯ ಮೊಮ್ಮಗಳು ಬೆಂಗಳೂರಿನಲ್ಲಿ ಬ್ಯಾಂಕೊಂದರ ಕೇಂದ್ರ ಕಚೇರಿಯಲ್ಲಿದ್ದಾಳೆ. ಅವಳು ಹಣವನ್ನು ಎಣಿಸುವುದಿಲ್ಲ, ಸಾಲವನ್ನು ಮಂಜೂರು ಮಾಡುವುದಿಲ್ಲ, ಯಂತ್ರಕ್ಕೆ ಕ್ರಮವಿಧಿಗಳನ್ನು ಬರೆಯುವವಳೂ ಅಲ್ಲ. ಅವಳ ಕೆಲಸ ಮಾತುಗಳನ್ನು ಕಾಯುವುದು. ಕಚೇರಿಯವರೆಲ್ಲ ದಿನವೂ ಬಳಸುವ ‘ಗ್ರಾಹಕ’, ‘ಠೇವಣಿ’, ‘ಬಾಕಿ’, ‘ಶಾಖೆ’ ಎಂಬ ಸಾಮಾನ್ಯ ಶಬ್ದಗಳಿಗೆ ಬ್ಯಾಂಕಿನ ಲೆಕ್ಕದಲ್ಲಿ ನಿಶ್ಚಿತವಾದ ಅರ್ಥವೇನು, ಆ ಅರ್ಥ ಯಂತ್ರದೊಳಗಿನ ಯಾವ ಅಂಕಿಗಳಿಂದ ಹುಟ್ಟುತ್ತದೆ, ಅದಕ್ಕೆ ಹೊಣೆ ಯಾರು ಎಂಬುದನ್ನು ದಾಖಲಿಸಿ ನೋಡಿಕೊಳ್ಳುವುದು. ಕೇಳಿದವರು, ‘ಇದೂ ಒಂದು ಉದ್ಯೋಗವೇ?’ ಎಂದು ನಗುವುದುಂಟು. ಅಜ್ಜಿ ಮಾತ್ರ ನಗಲಿಲ್ಲ.

ಹಿಂದಿನ ಕಾಲದಲ್ಲಿ ಇಂಥ ಉದ್ಯೋಗ ಏಕೆ ಬೇಕಾಗಿರಲಿಲ್ಲವೆಂದರೆ, ಖಾತೆಯ ಪುಸ್ತಕವನ್ನು ಬರೆಯುವವನೂ ಅದರ ಅರ್ಥವನ್ನು ಬಲ್ಲವನೂ ಒಬ್ಬನೇ ಆಗಿದ್ದನು. ಹಳೆಯ ಗುಮಾಸ್ತನನ್ನು ಕೇಳಿದರೆ ಯಾವ ಪುಟದ ಯಾವ ಕಲಮು ಏನನ್ನು ಸೂಚಿಸುವುದೆಂದು ಹೇಳುತ್ತಿದ್ದನು. ಲೆಕ್ಕವು ಗಣಕಯಂತ್ರದೊಳಕ್ಕೆ ಹೋದಮೇಲೆ ಬರೆಯುವವರು ಒಂದು ಕಡೆ, ಓದುವವರು ಇನ್ನೊಂದು ಕಡೆ ಆದರು. ಯಂತ್ರದೊಳಗಿನ ಕೋಷ್ಟಕಗಳಿಗೆ ಸ್ವರಗಳನ್ನು ನುಂಗಿದ, ಗುಂಪಕ್ಷರಗಳಂತಿರುವ ಮೊಟಕು ಹೆಸರುಗಳು. ಅವನ್ನು ಇಟ್ಟವರು ಕೆಲಸ ಬಿಟ್ಟು ಎಷ್ಟೋ ವರ್ಷವಾಗಿರುತ್ತದೆ. 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ಗಣಿತಜ್ಞನು ಕೋಷ್ಟಕರೂಪದ ದತ್ತಾಂಶ ಸಂಗ್ರಹದ ಸಿದ್ಧಾಂತವನ್ನು ಪ್ರಕಟಿಸಿದಾಗ, ಬಳಸುವವನು ಯಂತ್ರದೊಳಗಿನ ಜೋಡಣೆಯನ್ನು ಅರಿಯಬೇಕಾದ ಕಷ್ಟದಿಂದ ಪಾರಾಗಬೇಕೆಂಬುದೇ ಅವನ ಮುಖ್ಯ ಉದ್ದೇಶವಾಗಿತ್ತು. ಕೋಷ್ಟಕಗಳು ಬಂದವು, ಕಷ್ಟ ಪೂರ್ತಿಯಾಗಿ ಹೋಗಲಿಲ್ಲ. 1990ರಲ್ಲಿ ಫ್ರಾನ್ಸಿನಲ್ಲಿ ಸ್ಥಾಪಿತವಾದ ಬಿಸಿನೆಸ್ ಆಬ್ಜೆಕ್ಟ್ಸ್ ಎಂಬ ಕಂಪನಿಯವರು ಕೋಷ್ಟಕಗಳಿಗೂ ಓದುಗನಿಗೂ ನಡುವೆ ಇನ್ನೊಂದು ತೆರೆಯನ್ನು ಎಳೆದರು. ಅದರ ಮೇಲೆ ವ್ಯಾಪಾರದವರಿಗೆ ತಿಳಿಯುವ ಹೆಸರುಗಳು, ಕೆಳಗೆ ಯಂತ್ರಕ್ಕೆ ತಿಳಿಯುವ ಸೂತ್ರಗಳು. ಇದಕ್ಕೆ ಸೆಮ್ಯಾಂಟಿಕ್ ಲೇಯರ್ ಎಂದು ಹೆಸರು, ಕನ್ನಡದಲ್ಲಿ ಅರ್ಥಪದರವೆನ್ನಬಹುದು.

ಅರ್ಥಪದರದ ವ್ಯವಹಾರ ಸರಳವಾದುದು. ‘ಈ ತಿಂಗಳ ಹೊಸ ಠೇವಣಿ’ ಎಂಬ ಹೆಸರನ್ನು ಅಧಿಕಾರಿ ಆರಿಸುತ್ತಾನೆ. ಯಾವ ಕೋಷ್ಟಕವನ್ನು ಯಾವುದರೊಡನೆ ಜೋಡಿಸಬೇಕು, ಯಾವ ಸಾಲುಗಳನ್ನು ಬಿಡಬೇಕು, ಯಾವುದನ್ನು ಕೂಡಬೇಕು ಎಂಬ ಸೂತ್ರ ಆ ಹೆಸರಿನ ಹಿಂದೆ ಮೊದಲೇ ಬರೆದಿರುತ್ತದೆ. ಅಧಿಕಾರಿಗೆ ಉತ್ತರ ಮಾತ್ರ ಕಾಣುತ್ತದೆ. ಇದು ದೊಡ್ಡ ಉಪಕಾರವೇ ಸರಿ. ಆದರೆ ಉಪಕಾರದ ಒಡಲಲ್ಲಿಯೇ ಅಪಾಯವಿದೆ. ಅರ್ಥವಾಗದ ಮೊಟಕು ಹೆಸರನ್ನು ಕಂಡಾಗ ಮನುಷ್ಯನು ‘ಇದೇನು?’ ಎಂದು ಕೇಳುತ್ತಾನೆ. ಚಿರಪರಿಚಿತವಾದ ಶಬ್ದವನ್ನು ಕಂಡಾಗ ಕೇಳುವುದಿಲ್ಲ. ತಾನು ಬಲ್ಲ ಅರ್ಥವೇ ಅದರಲ್ಲಿದೆಯೆಂದು ನಂಬಿ ಮುಂದೆ ಹೋಗುತ್ತಾನೆ.

‘ಗ್ರಾಹಕ’ ಎಂಬ ಶಬ್ದವನ್ನೇ ನೋಡಬಹುದು. ಗಂಡಹೆಂಡಿರಿಬ್ಬರು ಜಂಟಿಯಾಗಿ ಇಟ್ಟ ಖಾತೆಯೊಂದಿದೆ. ಖಾತೆಗಳನ್ನು ಎಣಿಸುವ ವಿಭಾಗಕ್ಕೆ ಗ್ರಾಹಕ ಒಬ್ಬ. ಗುರುತಿನ ಕಾಗದಗಳನ್ನು ಪರಿಶೀಲಿಸುವ ವಿಭಾಗಕ್ಕೆ ಗ್ರಾಹಕರು ಇಬ್ಬರು. ಸಾಲದ ವಿಭಾಗಕ್ಕೆ, ಆ ದಂಪತಿಗಳು ಯಾರಿಗೋ ಜಾಮೀನು ನಿಂತಿದ್ದರೆ, ಆ ಮೂರನೆಯವನೂ ಲೆಕ್ಕಕ್ಕೆ ಬರುತ್ತಾನೆ. ಮೂರು ವಿಭಾಗದವರೂ ಒಂದು ಮೇಜಿನ ಸುತ್ತ ಕುಳಿತು ‘ನಮ್ಮ ಗ್ರಾಹಕರೆಷ್ಟು?’ ಎಂದು ಮೂರು ಸಂಖ್ಯೆಗಳನ್ನು ಇಟ್ಟರೆ, ಒಬ್ಬನು ಮತ್ತೊಬ್ಬನ ಲೆಕ್ಕ ತಪ್ಪೆನ್ನುತ್ತಾನೆ. ವಾಸ್ತವದಲ್ಲಿ ಮೂರೂ ಸರಿ. ತಪ್ಪಿರುವುದು ಮೂರಕ್ಕೂ ಒಂದೇ ಹೆಸರಿಟ್ಟುದರಲ್ಲಿ.

ಕರಾವಳಿಯ ವಾಚಕರಿಗೆ ‘ಪಿಗ್ಮಿ’ಯ ಪರಿಚಯವನ್ನು ಹೇಳಬೇಕಾಗಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯವರು 1928ರಲ್ಲಿ ಈ ಠೇವಣಿಯನ್ನು ಆರಂಭಿಸಿದರು. ಅವರ ಪ್ರತಿನಿಧಿ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಂಥ ಅಲ್ಪ ಮೊತ್ತವನ್ನೂ ಸಂಗ್ರಹಿಸುತ್ತಿದ್ದನು. ಅದು ಒಂದು ಬ್ಯಾಂಕಿನ ಯೋಜನೆಯ ಹೆಸರಾಗಿ ಹುಟ್ಟಿ, ಕಾಲಕ್ರಮದಲ್ಲಿ ಯಾರೇ ದಿನವಹಿ ಸಂಗ್ರಹಿಸಿದರೂ ಸಲ್ಲುವ ಸಾಮಾನ್ಯ ಹೆಸರಾಯಿತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ, ಅದಕ್ಕೆ ಒಂದು ವರ್ಷ ಮೊದಲು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿಯೂ ಸೇರಿದವು. ಬ್ಯಾಂಕುಗಳು ಒಂದಾಗುವಾಗ ಹಣವನ್ನು ಕೂಡುವುದು ಸುಲಭ; ಶಬ್ದಗಳನ್ನು ಕೂಡುವುದು ಕಷ್ಟ. ಒಂದು ಮನೆಯ ‘ಪಿಗ್ಮಿ’ ಇನ್ನೊಂದು ಮನೆಯಲ್ಲಿ ಯಾವ ಕಲಮಿನಲ್ಲಿ ಕುಳಿತುಕೊಳ್ಳಬೇಕೆಂಬ ಪ್ರಶ್ನೆಗೆ ಯಂತ್ರ ತಾನಾಗಿ ಉತ್ತರ ಹೇಳಲಾರದು. ಮನುಷ್ಯರು ಕುಳಿತು ತೀರ್ಮಾನಿಸಬೇಕು.

ತೀರ್ಮಾನ ತಪ್ಪಿದರೆ ಆಗುವ ನಷ್ಟ ಬರಿಯ ಕಾಗದದ್ದಲ್ಲ. ಕಂತು ಅಥವಾ ಬಡ್ಡಿ 90 ದಿನಕ್ಕೂ ಮೀರಿ ಬಾಕಿಯುಳಿದರೆ ಆ ಸಾಲವನ್ನು ಅನುತ್ಪಾದಕವೆಂದು ಗಣಿಸಬೇಕೆಂಬುದು ಭಾರತದ ಬ್ಯಾಂಕುಗಳಿಗೆ 2004ರ ಮಾರ್ಚಿಯಿಂದ ಬಂದ ನಿಯಮ. ಆದರೆ ರೈತನ ಬೆಳೆಸಾಲಕ್ಕೆ ಈ 90 ದಿನದ ಗಡುವಿಲ್ಲ. ಅಲ್ಪಾವಧಿಯ ಬೆಳೆಯಾದರೆ ಎರಡು ಬೆಳೆಯ ಋತುಗಳು, ಒಂದು ವರ್ಷಕ್ಕೂ ಮೀರಿದ ದೀರ್ಘಾವಧಿಯ ಬೆಳೆಯಾದರೆ ಒಂದು ಋತು ಕಳೆಯಬೇಕು; ಋತುವಿನ ಅವಧಿಯನ್ನು ಆಯಾ ರಾಜ್ಯದ ಬ್ಯಾಂಕರುಗಳ ಸಮಿತಿ ನಿರ್ಧರಿಸುತ್ತದೆ. ಈಗ ‘ಕೆಟ್ಟ ಸಾಲ’ ಎಂಬ ಒಂದೇ ಹೆಸರಿನ ಹಿಂದೆ 90 ದಿನದ ಒಂದೇ ಸೂತ್ರವಿದ್ದರೆ, ಭತ್ತ ತೆನೆಗಟ್ಟುವ ಮೊದಲೇ ರೈತನು ಕೆಟ್ಟ ಸಾಲಗಾರನಾಗುತ್ತಾನೆ. ಅವನ ಹೊಲ, ಅವನ ಮುಖ, ಅವನ ಮಾತು ಯಾವುದನ್ನೂ ಕಾಣದ ಸೂತ್ರವೊಂದು ಅವನ ಮೇಲೆ ತೀರ್ಪು ಬರೆಯುತ್ತದೆ.

ಇದೇ ಗೊಂದಲ ಲೋಕವ್ಯಾಪಿಯಾದ ಅನರ್ಥಕ್ಕೆ ನೆರವಾದುದೂ ಉಂಟು. 2008ರ ಸೆಪ್ಟೆಂಬರ್ 15ರಂದು ನ್ಯೂಯಾರ್ಕಿನ ಲೇಮನ್ ಬ್ರದರ್ಸ್ ಸಂಸ್ಥೆ ದಿವಾಳಿಯಾಯಿತು. ಆ ಆರ್ಥಿಕ ಸಂಕಟದ ಕಾಲದಲ್ಲಿ ಎಷ್ಟೋ ದೊಡ್ಡ ಬ್ಯಾಂಕುಗಳಿಗೆ, ತಮ್ಮ ಬೇರೆ ಬೇರೆ ವಿಭಾಗಗಳಲ್ಲಿಯೂ ಅಂಗಸಂಸ್ಥೆಗಳಲ್ಲಿಯೂ ಹರಡಿದ್ದ ಅಪಾಯವನ್ನೆಲ್ಲ ಕೂಡಿಸಿ ‘ಒಟ್ಟು ಇಷ್ಟು’ ಎಂದು ಬೇಗನೆ, ಸರಿಯಾಗಿ ಹೇಳಲು ಸಾಧ್ಯವಾಗಲಿಲ್ಲ. ಇದನ್ನು ಕಂಡ ಬಾಸೆಲ್ ಸಮಿತಿ 2013ರ ಜನವರಿಯಲ್ಲಿ ಬ್ಯಾಂಕುಗಳ ದತ್ತಾಂಶದ ಬಗೆಗೆ ಕೆಲವು ತತ್ತ್ವಗಳನ್ನು ಹೊರಡಿಸಿತು. ಬ್ಯಾಂಕು ತಾನು ಬಳಸುವ ಪರಿಕಲ್ಪನೆಗಳಿಗೆ ಒಂದು ನಿಘಂಟನ್ನು ಇಟ್ಟುಕೊಂಡಿರಬೇಕು, ಸಂಸ್ಥೆಯಲ್ಲೆಲ್ಲ ಅರ್ಥ ಏಕರೂಪವಾಗಿರಬೇಕು ಎಂಬುದು ಅದರಲ್ಲಿ ಹೇಳಿದ ಮಾತುಗಳಲ್ಲೊಂದು.

ಬಾಸೆಲ್ ಎಂಬ ಹೆಸರು, ನಿಘಂಟು ಎಂಬ ಹೆಸರು ಜೊತೆಯಾಗಿ ಬಂದಾಗ ಕನ್ನಡಿಗನಿಗೆ ಬೇರೊಂದು ನೆನಪಾಗುವುದು ಸಹಜ. ಅದೇ ಸ್ವಿಸ್ ನಗರದ ಹೆಸರನ್ನು ಹೊತ್ತ ಮಿಶನ್ನಿನವರ ಮುಖಾಂತರವೇ ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಆದರೆ ಈ ಎರಡು ನಿಘಂಟುಗಳ ಧರ್ಮ ಬೇರೆ. ಭಾಷೆಯ ನಿಘಂಟನ್ನು ರಚಿಸುವವನು ಜನರು ಒಂದು ಶಬ್ದವನ್ನು ಹೇಗೆ ಹೇಗೆ ಬಳಸಿದ್ದಾರೆಂದು ಸಂಗ್ರಹಿಸುತ್ತಾನೆ. ಒಂದು ಶಬ್ದಕ್ಕೆ ಐದು ಅರ್ಥವಿದ್ದರೆ ಐದನ್ನೂ ಬರೆಯುತ್ತಾನೆ; ಆಯ್ಕೆ ಓದುಗನದು. ಲೆಕ್ಕದ ನಿಘಂಟನ್ನು ಕಾಯುವವನಿಗೆ ಈ ಔದಾರ್ಯ ಸಲ್ಲದು. ಐದು ಅರ್ಥವಿದ್ದರೆ ಐದು ಹೆಸರಿಡಬೇಕು, ಇಲ್ಲವೇ ಒಂದನ್ನು ಆರಿಸಬೇಕು. ಆರಿಸಿದಮೇಲೆ ಅದು ವರ್ಣನೆಯಾಗಿ ಉಳಿಯುವುದಿಲ್ಲ, ಅಪ್ಪಣೆಯಾಗುತ್ತದೆ. ಅಪ್ಪಣೆ ಕೊಟ್ಟವನ ಹೆಸರು ಅದರ ಕೆಳಗೆ ಇರಲೇಬೇಕು.

ದತ್ತಾಂಶದ ಆಡಳಿತಕ್ಕೆಂದು ಈಗ ದೊರೆಯುವ ಸಾಫ್ಟ್‌ವೇರುಗಳಲ್ಲಿ ಇದಕ್ಕೆ ತಕ್ಕ ಏರ್ಪಾಡುಗಳಿವೆ. ಪ್ರತಿಯೊಂದು ಶಬ್ದಕ್ಕೂ ಒಬ್ಬ ಯಜಮಾನ, ಅಂದರೆ ಅದರ ಅರ್ಥವನ್ನು ನಿರ್ಣಯಿಸುವ ಅಧಿಕಾರವುಳ್ಳ ವಿಭಾಗದ ಮುಖ್ಯಸ್ಥ. ಅವನ ಕೆಳಗೆ ಒಬ್ಬ ಪಾರುಪತ್ಯಗಾರ. ಅರ್ಥವನ್ನು ಬರೆದು, ಆಕ್ಷೇಪಣೆಗಳನ್ನು ಕೇಳಿ, ತಿದ್ದಿ, ಒಪ್ಪಿಗೆಗೆ ಇಡುವವನು. ಕರಡು, ಪರಿಶೀಲನೆ, ಅಂಗೀಕಾರ ಎಂಬ ಹಂತಗಳು. ಅರ್ಥ ಬದಲಾದರೆ ಹಳೆಯದನ್ನು ಅಳಿಸದೆ, ತಾರೀಖು ಹಾಕಿ, ಅದರ ಪಕ್ಕದಲ್ಲಿ ಹೊಸದನ್ನು ಇಡುವ ಪದ್ಧತಿ. ಒಂದು ಅಂಕಿ ಯಾವ ಮೂಲದಿಂದ ಹೊರಟು, ಯಾವ ಯಾವ ಸೂತ್ರವನ್ನು ದಾಟಿ ಅಧಿಕಾರಿಯ ಮೇಜಿಗೆ ಬಂತೆಂಬ ವಂಶಾವಳಿ. ಏರ್ಪಾಡಿನಲ್ಲಿ ಕೊರತೆಯಿಲ್ಲ. ಕೊರತೆ ಬಳಸುವ ಮನಸ್ಸಿನಲ್ಲಿ. ಸಾವಿರಾರು ಶಬ್ದಗಳನ್ನು ಉತ್ಸಾಹದಿಂದ ತುಂಬಿ ಯಾರೂ ಓದದೆ ಬಿಡುವುದುಂಟು. ‘ಸಕ್ರಿಯ ಗ್ರಾಹಕನೆಂದರೆ ಸಕ್ರಿಯನಾಗಿರುವ ಗ್ರಾಹಕ’ ಎಂದು ಬರೆದು ಕೈತೊಳೆದುಕೊಳ್ಳುವುದುಂಟು. ಎಲ್ಲಕ್ಕಿಂತ ಕೆಟ್ಟದ್ದು, ವಾಕ್ಯವನ್ನು ಓದಿ ಸೂತ್ರವನ್ನು ಓದದೆ ರುಜು ಹಾಕುವುದು.

ಮೊಮ್ಮಗಳು ಒಮ್ಮೆ ಮಾಡಿದ್ದು ಇದನ್ನೇ.

ಎರಡು ವರ್ಷಕ್ಕೂ ಮೀರಿ ಗ್ರಾಹಕನ ಪ್ರೇರಣೆಯಿಂದ ಯಾವ ವಹಿವಾಟೂ ನಡೆಯದ ಉಳಿತಾಯ ಅಥವಾ ಚಾಲ್ತಿ ಖಾತೆಯನ್ನು ನಿಷ್ಕ್ರಿಯ ಖಾತೆಯೆಂದು ಗಣಿಸಬೇಕೆಂಬುದು ರಿಜರ್ವ್ ಬ್ಯಾಂಕಿನ ನಿಯಮ. ಉಳಿತಾಯದ ಹಣಕ್ಕೆ ಬ್ಯಾಂಕು ತಾನಾಗಿ ಸೇರಿಸುವ ಬಡ್ಡಿ ಗ್ರಾಹಕನ ವಹಿವಾಟಲ್ಲ. ಆದರೆ ಗ್ರಾಹಕನು ತನ್ನ ಅವಧಿ ಠೇವಣಿಯ ಬಡ್ಡಿಯನ್ನು ಈ ಖಾತೆಗೆ ಜಮೆಮಾಡಿರೆಂದು ಅಪ್ಪಣೆ ಕೊಟ್ಟಿದ್ದರೆ, ಹಾಗೆ ಬರುವ ಬಡ್ಡಿ ಗ್ರಾಹಕನ ವಹಿವಾಟೇ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪರಿಷ್ಕೃತ ಸೂಚನೆಗಳಲ್ಲಿಯೂ ಈ ಭೇದವಿದೆ. ಮೊಮ್ಮಗಳ ಮುಂದೆ ಬಂದ ಕರಡಿನ ವಾಕ್ಯ ನಿಯಮಕ್ಕೆ ಅಕ್ಷರಶಃ ಅನುಗುಣವಾಗಿತ್ತು. ಅದರ ಹಿಂದಿನ ಸೂತ್ರದಲ್ಲಿ ಮಾತ್ರ ‘ಬಡ್ಡಿ’ ಎಂಬ ಗುರುತಿದ್ದ ಎಲ್ಲ ಜಮೆಗಳನ್ನೂ ಬಿಡಬೇಕೆಂದು ಬರೆದಿತ್ತು. ಯಂತ್ರದಲ್ಲಿ ಎರಡು ಬಗೆಯ ಬಡ್ಡಿಗೂ ಗುರುತು ಒಂದೇ. ಅವಳು ವಾಕ್ಯವನ್ನು ಎರಡು ಸಲ ಓದಿದಳು, ಅಲ್ಪವಿರಾಮವೊಂದನ್ನು ತಿದ್ದಿದಳು, ಅಂಗೀಕಾರಕ್ಕೆ ಕಳುಹಿಸಿದಳು.

ಕೆಲವು ತಿಂಗಳ ಮೇಲೆ ಊರಿನಲ್ಲಿ ಅಜ್ಜಿ ಬ್ಯಾಂಕಿಗೆ ಹೋದರು. ಮನೆಗೆಲಸಕ್ಕೆ ಬರುವ ಹೆಂಗಸಿನ ಮಗನಿಗೆ ಕಾಲೇಜಿನ ಶುಲ್ಕ ಕಟ್ಟಲು ಅಂದೇ ಕಡೆಯ ದಿನ. ‘ನನ್ನ ಹಣದಿಂದ ಕೊಡುತ್ತೇನೆ’ ಎಂದು ಅವರು ಮಾತು ಕೊಟ್ಟಿದ್ದರು. ಗುಮಾಸ್ತನು ಪರದೆಯನ್ನು ನೋಡಿ, ‘ಅಜ್ಜಿ, ನಿಮ್ಮ ಖಾತೆ ನಿಷ್ಕ್ರಿಯವಾಗಿದೆ. ಗುರುತಿನ ಕಾಗದ, ಭಾವಚಿತ್ರ ಎಲ್ಲ ಹೊಸದಾಗಿ ಕೊಟ್ಟ ಮೇಲೆ ಹಣ ತೆಗೆಯಬಹುದು’ ಎಂದನು. ಎರಡು ವರ್ಷದಿಂದ ಅವರು ಖಾತೆಯಿಂದ ಏನನ್ನೂ ತೆಗೆದಿರಲಿಲ್ಲವೆಂಬುದು ನಿಜ. ‘ಮೂರು ತಿಂಗಳಿಗೊಮ್ಮೆ ನನ್ನ ಠೇವಣಿಯ ಬಡ್ಡಿ ಇದರಲ್ಲಿ ಬಂದು ಬೀಳುತ್ತದಲ್ಲಪ್ಪ, ಹಾಕಿ ಎಂದು ರುಜು ಮಾಡಿಕೊಟ್ಟವಳು ನಾನೇ. ಅದು ಕ್ರಿಯೆಯಲ್ಲವೇ?’ ಎಂದು ಅಜ್ಜಿ ಕೇಳಿದರು. ಪ್ರಶ್ನೆ ನ್ಯಾಯವಾಗಿತ್ತು. ಗುಮಾಸ್ತನ ಬಳಿ ಉತ್ತರವಿರಲಿಲ್ಲ. ಯಂತ್ರ ಹೇಳಿದುದನ್ನು ಅವನು ಹೇಳಿದ್ದನು. ಅಂದು ಹುಡುಗನ ಶುಲ್ಕವನ್ನು ಅಜ್ಜಿಯ ಮಗ ಕಟ್ಟಿದರು. ಕೆಲಸ ನಡೆಯಿತು. ಆದರೆ ತನ್ನ ಹಣವೆಂದು ಕೊಟ್ಟ ಮಾತಿಗೆ ಮಗನ ಮುಂದೆ ಕೈಯೊಡ್ಡಬೇಕಾದುದು ಆ ಹಿರಿಯ ಜೀವವನ್ನು ಕೆಲವು ದಿನ ಕಾಡಿತು.

ರಾತ್ರಿ ಫೋನಿನಲ್ಲಿ ಈ ವೃತ್ತಾಂತವನ್ನು ಕೇಳುತ್ತಿದ್ದಂತೆ ಮೊಮ್ಮಗಳಿಗೆ ಎದೆ ಧಸಕ್ಕೆಂದಿತು. ಮರುದಿನ ಬೆಳಗ್ಗೆ ಸೂತ್ರವನ್ನು ಮೊದಲ ಸಾಲಿನಿಂದ ಕಡೆಯ ಸಾಲಿನವರೆಗೆ ಓದಿದಳು. ಆ ಪಟ್ಟಿಯಲ್ಲಿ ಸಿಕ್ಕಿದ್ದವರು ಅವಳ ಅಜ್ಜಿಯೊಬ್ಬರೇ ಅಲ್ಲ. ಠೇವಣಿಯ ಬಡ್ಡಿಯನ್ನು ಕಷ್ಟಕಾಲಕ್ಕೆಂದು ಮುಟ್ಟದೆ ಇಟ್ಟುಕೊಂಡಿದ್ದ ವೃದ್ಧರು, ಒಂಟಿ ಹೆಂಗಸರು ಅಲ್ಲಿದ್ದರು. ಎಂದಿಗೂ ಬ್ಯಾಂಕಿಗೆ ಹೋಗಿ ಪ್ರಶ್ನೆ ಕೇಳದೆ ಇರಬಹುದಾದವರೇ ಹೆಚ್ಚು. ಹತ್ತು ವರ್ಷ ಯಾರೂ ಕೇಳದ ಹಣ, 2014ರಿಂದೀಚೆಗಿನ ನಿಯಮದಂತೆ, ರಿಜರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಆಮೇಲೂ ಹಕ್ಕುದಾರನು ಕೇಳಿ ಪಡೆಯಬಹುದು, ಹುಡುಕುವುದಕ್ಕೆ 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣವೂ ಆರಂಭವಾಯಿತು ಎಂಬುದೇನೋ ಸರಿಯೆ; ಆದರೆ ಕೇಳಲು ತಿಳಿದಿರಬೇಕಷ್ಟೆ.

ಸೂತ್ರವನ್ನು ತಿದ್ದಲು ಒಂದು ದಿನ ಸಾಕಾಯಿತು. ತಿದ್ದುಪಡಿಯ ದಾಖಲೆಯಲ್ಲಿ ‘ಕಾರಣ’ ಎಂಬ ಮನೆಯೊಂದಿರುತ್ತದೆ. ‘ತಾಂತ್ರಿಕ ಸುಧಾರಣೆ’ ಎಂದು ಬರೆದರೆ ಯಾರೂ ಕೇಳುತ್ತಿರಲಿಲ್ಲ. ಅವಳು, ಅಂಗೀಕಾರಕ್ಕೆ ಕಳುಹಿಸುವ ಮೊದಲು ಸೂತ್ರವನ್ನು ಪಾರುಪತ್ಯಗಾರಳು ಓದಿರಲಿಲ್ಲವೆಂದು ಬರೆದು ತನ್ನ ಹೆಸರು ಹಾಕಿದಳು. ಅಂದಿನಿಂದ ಅವಳ ವಿಭಾಗದಲ್ಲಿ ಹೊಸ ಕಟ್ಟಳೆಯೊಂದು ನಡೆದುಬಂದಿದೆ. ಯಾವ ಶಬ್ದಕ್ಕೂ ಅರ್ಥವನ್ನು ಬರೆದರೆ ಸಾಲದು. ಆ ಅರ್ಥದೊಳಗೆ ಬರಬೇಕಾದ ಕೆಲವು ಖಾತೆಗಳು, ಬರಬಾರದ ಕೆಲವು ಖಾತೆಗಳು ಎಂದು ಉದಾಹರಣೆಗಳನ್ನು ಜೊತೆಗಿಡಬೇಕು, ಸೂತ್ರವನ್ನು ಅವುಗಳ ಮೇಲೆ ಓಡಿಸಿ ನೋಡಬೇಕು. ಈಚೆಗೆ ಜನರು ತಮ್ಮ ಮಾತಿನಲ್ಲಿಯೇ ಯಂತ್ರವನ್ನು ಪ್ರಶ್ನಿಸಿ, ಯಂತ್ರವೂ ಮನುಷ್ಯನಂತೆ ನಿರರ್ಗಳವಾಗಿ ಉತ್ತರಿಸುವ ಕಾಲ ಬಂದಿದೆ. ನಿರರ್ಗಳವಾದ ಉತ್ತರವನ್ನು ಅನುಮಾನಿಸುವವರು ಇನ್ನೂ ಕಡಮೆ. ಆದುದರಿಂದ ಈ ಕಟ್ಟಳೆ ಮುಂದೆ ಹೆಚ್ಚು ಬೇಕಾಗುವುದೇ ಹೊರತು ಕಡಮೆಯಾಗದು.

ದೀಪಾವಳಿಗೆ ಊರಿಗೆ ಹೋದಾಗ ಅವಳು ಅಜ್ಜಿಯ ಮುಂದೆ ಕುಳಿತು, ‘ಅಜ್ಜೀ, ಅವತ್ತು ಬ್ಯಾಂಕಿನಲ್ಲಿ ನಿಮಗಾದ ತೊಂದರೆಗೆ ಕಾರಣ ನಾನೇ’ ಎಂದು ನಡೆದುದನ್ನೆಲ್ಲ ಹೇಳಿದಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅನ್ನ ಸಾಲದ ದಿನ ನಮ್ಮತ್ತೆ ನನ್ನನ್ನು ಬೈಯಲಿಲ್ಲ, ಮಗೂ. ಯಾವ ಸೇರು ಎಂದು ತೋರಿಸದೆ ಹೋದದ್ದು ತನ್ನ ತಪ್ಪು ಅಂದರು. ಅಂದು ಸಾಯಂಕಾಲವೇ ಎರಡು ಸೇರನ್ನೂ ತರಿಸಿ, ಅಕ್ಕಿ ಸುರಿದು, ವ್ಯತ್ಯಾಸ ಎಷ್ಟೆಂದು ನನಗೆ ತೋರಿಸಿದರು. ನನ್ನ ಸೇರನ್ನು ಬಿಸಾಡು ಎನ್ನಲಿಲ್ಲ’ ಎಂದರು.

ಆ ಎರಡು ಸೇರುಗಳೂ ಆ ಮನೆಯ ಉಗ್ರಾಣದಲ್ಲಿ ಇಂದಿಗೂ ಇವೆ. ಕಿಲೋಗ್ರಾಮು ಬಂದು ಎಷ್ಟೋ ಕಾಲವಾದ್ದರಿಂದ ಅವುಗಳಿಂದ ಯಾರೂ ಅಳೆಯುವುದಿಲ್ಲ. ಅತ್ತೆಯ ಸೇರಿನ ಕಂಠದಲ್ಲಿ ಮೊಳೆಯಿಂದ ಗೀಚಿದ ಗೆರೆಯೊಂದಿದೆ. ಸೊಸೆಯ ಸೇರು ಅದರಲ್ಲಿ ಎಲ್ಲಿಯವರೆಗೆ ಬರುತ್ತದೆಂಬ ಗುರುತು.